ಹೊನ್ನಾವರದ ಹದಿಮೂರು ಶಾಲೆಗಳು



ರಜೆ ಬಂತೆಂದರೆ ನಮ್ಮ ಕಮ್ಮನಹಳ್ಳಿಯ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಊಟಿ, ಮೈಸೂರು, ಗೋವಾ, ಕೈಯಲ್ಲಿ ಸ್ವಲ್ಪ ಹಣವಿದ್ದವರಿಗೆ ದುಬೈ. ಶಾಲೆಗಳಿಂದ ಹೊರಡುವ ಬಸ್ಸುಗಳು ಜೋಗ ನೋಡಿಸಿ, ಮುರ್ಡೇಶ್ವರದಲ್ಲಿ ಒಂದು ಗಂಟೆ ನಿಲ್ಲಿಸಿ, ಮಕ್ಕಳ ಫೋಟೋ ತೆಗೆದು ವಾಪಸ್ ತರುತ್ತವೆ. ಜೋಗಕ್ಕೂ ಮುರ್ಡೇಶ್ವರಕ್ಕೂ ನಡುವೆ ಒಂದು ನಾಡಿದೆ ಎಂಬುದು ಬಸ್ಸಿನಲ್ಲಿ ನಿದ್ದೆ ಹೋದ ಮಕ್ಕಳಿಗೆ ತಿಳಿಯುವುದೇ ಇಲ್ಲ. ಹಲವು ವರ್ಷ ಅಂಥ ಬಸ್ಸಿನಲ್ಲಿ ಮಕ್ಕಳನ್ನು ಎಣಿಸುವ ಕೆಲಸ ಮಾಡಿದ ನನಗೂ ತಿಳಿದಿರಲಿಲ್ಲ. ಈ ಸಲ ನಿಮ್ಮನ್ನು ಅಲ್ಲಿಗೆ, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ, ಭಟ್ಕಳದ ಕಡೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಅಲ್ಲಿಯ ಭೂಮಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಸಹ್ಯಾದ್ರಿಯ ಬೆಟ್ಟ ಇಲ್ಲಿ ಸಮುದ್ರಕ್ಕೆ ಬಹಳ ಹತ್ತಿರ ಬಂದು ನಿಂತಿದೆ. ಬೆಟ್ಟಕ್ಕೂ ಕಡಲಿಗೂ ಮಧ್ಯೆ ಉಳಿದಿರುವ ಕಿರಿದಾದ ಪಟ್ಟಿಯಲ್ಲೇ ಗದ್ದೆ, ತೆಂಗು, ಅಡಿಕೆ ತೋಟ, ಊರು, ಹೆದ್ದಾರಿ, ರೈಲು ಎಲ್ಲವೂ ಇರಬೇಕು. ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುವ ಶರಾವತಿ, ಗೇರುಸೊಪ್ಪೆಯ ಕಾಡಿನಿಂದ ಹೊರಬಂದ ಮೇಲೆ ಅಗಲವಾಗುತ್ತ ಹೋಗಿ, ಮಾವಿನಕುರ್ವೆ, ಹೈಗುಂದದಂಥ ನಡುಗಡ್ಡೆಗಳನ್ನು ಬಳಸಿಕೊಂಡು, ಹೊನ್ನಾವರದ ಬಳಿ ಕಡಲು ಸೇರುತ್ತದೆ. ಅಳಿವೆಯ ದಂಡೆಯ ಉದ್ದಕ್ಕೂ ಕಾಂಡ್ಲಾ ಗಿಡಗಳ ಕಾಡು. ಕಾಂಡ್ಲಾದ ಬೇರು ಭೂಮಿಯೊಳಗೆ ಅಡಗಿಕೊಂಡು ಕೂರುವುದಿಲ್ಲ, ಉಸಿರಾಡಲು ಕೆಸರಿನ ಮೇಲೆ ಎದ್ದು ನಿಲ್ಲುತ್ತದೆ. ಆ ಬೇರುಗಳ ಸಂದಿಯಲ್ಲೇ ಮೀನು, ಸಿಗಡಿ, ಏಡಿಗಳು ಮರಿ ಮಾಡುವುದು. ಹೊಳೆಯ ದಕ್ಷಿಣ ದಂಡೆಯ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲಾ ಕಾಡಿನ ಒಳಗೆ ನಡೆದು ಹೋಗಲು ಮರದ ಹಾದಿ ಮಾಡಿದ್ದಾರೆ. ಭರತದ ಸಮಯದಲ್ಲಿ ಹೋದರೆ ಕಾಲ ಕೆಳಗೆ ನೀರು, ಇಳಿತದ ಸಮಯದಲ್ಲಿ ಹೋದರೆ ಕೆಸರಿನ ಮೇಲೆ ಓಡಾಡುವ ಏಡಿ. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. (ನಮ್ಮ ಊರಿನ ಹೆಸರಿನಂತೆಯೇ ಇರುವ ಇನ್ನೊಂದು ಊರನ್ನು ಹುಡುಕಿ ದಾರಿ ತಪ್ಪುವುದು ಸುಲಭ. ಈ ಕಾಸರಕೋಡು ಕೇರಳದ ಕಾಸರಗೋಡು ಅಲ್ಲ.)

ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಹಸಿರಲ್ಲ. ಒಂದು ಪುಸ್ತಕದಲ್ಲಿ ಓದಿದ ಎರಡು ಅಂಕಿಗಳು.

ಇಬ್ನ್ ಬತೂತಾ ಯಾರೆಂದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 1304ರಲ್ಲಿ ಮೊರಾಕ್ಕೋದ ತಾಂಜಿಯರಿನಲ್ಲಿ ಹುಟ್ಟಿದವನು. 1325ರಲ್ಲಿ ಹಜ್‌ಗೆಂದು ಮನೆ ಬಿಟ್ಟವನು ಸುಮಾರು ಮೂವತ್ತು ವರ್ಷ ಲೋಕ ಸುತ್ತಿದ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಬಳಿ ಖಾಝಿಯಾಗಿದ್ದ. ಸುಲ್ತಾನನು ಅವನನ್ನು ಚೀನಾದ ಅರಸನ ಬಳಿಗೆ ರಾಯಭಾರಿಯಾಗಿ ಕಳುಹಿಸಿದ. 1342ರಲ್ಲಿ ದೆಹಲಿ ಬಿಟ್ಟು, ಖಂಭಾತಿನ ಕಡೆಯಿಂದ ಹಡಗು ಹತ್ತಿ, ಗೋವಾ ದಾಟಿ ಅವನು ಬಂದಿಳಿದ ಊರೇ 'ಹಿನೌರ್', ಅಂದರೆ ನಮ್ಮ ಹೊನ್ನಾವರ.

ದೊಡ್ಡ ಹಡಗುಗಳು ಒಳಗೆ ಬರಬಲ್ಲಂಥ ಅಳಿವೆ, ಕಡಲಿನಿಂದ ಅರ್ಧ ಮೈಲು ಒಳಗೆ ಪಟ್ಟಣ, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರನ್ನು ಬಿಟ್ಟರೆ ಯಾರೂ ಕಡಲಿಗೆ ಇಳಿಯಲಾರರು ಎಂದು ಆತ ವರ್ಣಿಸುತ್ತಾನೆ. ಇಂದು ಅಲ್ಲಿಯ ಮೀನುಗಾರರನ್ನು ಕೇಳಿದರೂ ಇದಕ್ಕಿಂತ ಬೇರೆ ಮಾತು ಬರಲಾರದು. ಊರಿನವರು ಶಾಫಿಈ ಪಂಥದವರು, ಧರ್ಮಭೀರುಗಳು, ಕಡಲ ಕಾಳಗದಲ್ಲಿ ಗಟ್ಟಿಗರು. ಅವರಿಗೆ ಹೊಲಗದ್ದೆಗಳಿಲ್ಲ, ಕಡಲ ವ್ಯಾಪಾರವೇ ಬದುಕು. ಆಳುತ್ತಿದ್ದವನು ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಆದರೆ ಅವನ ಮೇಲೆ 'ಹರ್ಯಬ್' ಎಂಬ ಹಿಂದೂ ಅರಸನಿದ್ದ. ಇತಿಹಾಸಕಾರರು ಸಾಮಾನ್ಯವಾಗಿ ಇವನನ್ನು ವಿಜಯನಗರದ ಒಂದನೆಯ ಹರಿಹರನೆಂದು ಗುರುತಿಸುತ್ತಾರೆ. ವಿಜಯನಗರ ಹುಟ್ಟಿ ಇನ್ನೂ ಹತ್ತು ವರ್ಷವೂ ಆಗಿರದ ಕಾಲವದು. ಅಂದರೆ ಕನ್ನಡ ಕರಾವಳಿಯ ಒಬ್ಬ ಮುಸ್ಲಿಮ್ ಪಾಳೆಯಗಾರನೂ ಹಂಪಿಯ ಅರಸನೂ ಒಂದೇ ವ್ಯವಸ್ಥೆಯ ಒಳಗಿದ್ದರು. ನಮ್ಮ ಶಾಲಾ ಪುಸ್ತಕಗಳ ಇತಿಹಾಸದಲ್ಲಿ ಈ ಎರಡು ಹೆಸರು ಒಂದೇ ಪುಟದಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ಆ ಅಂಕಿಗಳು. ಹಿನೌರಿನ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು ಇಡುತ್ತಾರೆ ಎಂದು ಬರೆದ ಮೇಲೆ ಆತ ಹೇಳುತ್ತಾನೆ: ಇವರೆಲ್ಲರೂ ಕುರ್‌ಆನನ್ನು ಕಂಠಪಾಠ ಮಾಡಿದವರು. ಈ ಊರಿನಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ.

ಬೇರೆಲ್ಲೂ ನೋಡಿಲ್ಲ ಎನ್ನುತ್ತಿರುವವನು ಕೈರೋ, ದಮಾಸ್ಕಸ್, ಮಕ್ಕಾ, ಬುಖಾರಾ, ದೆಹಲಿಗಳನ್ನೆಲ್ಲ ನೋಡಿ ಬಂದವನು ಎಂಬುದನ್ನು ಗಮನಿಸಿ.

ನನ್ನ ನಾನಿ ಶಿವಾಜಿನಗರದ ಗಲ್ಲಿಯಲ್ಲಿ ಹುಟ್ಟಿ ಬೆಳೆದವರು. ಕುರ್‌ಆನನ್ನು ನಿರರ್ಗಳವಾಗಿ ಓದುತ್ತಿದ್ದರು. ಆದರೆ ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಓದಲು ಬರುವವರಿಗೆ ಬರೆಯಲು ಏಕೆ ಬರುವುದಿಲ್ಲ ಎಂದು ನಾನು ಚಿಕ್ಕವಳಾಗಿದ್ದಾಗ ಕೇಳಿದ್ದಕ್ಕೆ, ಬರೆಯುವುದನ್ನು ಕಲಿತರೆ ಹುಡುಗಿ ಕಾಗದ ಬರೆಯುತ್ತಾಳೆ ಎಂದು ಅವರ ಕಾಲದಲ್ಲಿ ಹಿರಿಯರು ಹೆದರುತ್ತಿದ್ದರಂತೆ, ನಗುತ್ತಲೇ ಹೇಳಿದ್ದರು. ಹೆಣ್ಣುಮಕ್ಕಳ ಓದು ಎಂದರೆ ಹೊಸ ಕಾಲದ ಸಂಗತಿ, ಹೊರಗಿನಿಂದ ಬಂದದ್ದು, ಹಿಂದೆ ಇರಲಿಲ್ಲ ಎಂಬ ಮಾತನ್ನು ನಾವು ಎಷ್ಟು ಮದುವೆಮನೆಗಳಲ್ಲಿ ಕೇಳಿಲ್ಲ! ಹತ್ತನೇ ತರಗತಿ ಆದ ಕೂಡಲೇ ಮಗಳನ್ನು ಬಿಡಿಸಲು ಬಂದ ತಂದೆಯಂದಿರಿಗೆ ನಾನು ಸ್ಟಾಫ್ ರೂಮಿನಲ್ಲಿ ಕೂರಿಸಿ ಈ ಹೊನ್ನಾವರದ ಕಥೆ ಹೇಳಿದ್ದುಂಟು. ಒಬ್ಬರು ಮಾತ್ರ, ಅದು ಸಮುದ್ರದ ಊರು ಮೇಡಂ, ನಮ್ಮದು ಬೇರೆ ಎಂದು ಎದ್ದು ಹೋದರು.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅದು ಸಮುದ್ರದ ಊರಾದ್ದರಿಂದಲೇ ಹಾಗಿತ್ತೇನೋ. ಗಂಡಸರು ವರ್ಷದ ಎಂಟು ತಿಂಗಳು ಹಡಗಿನಲ್ಲಿ ಇದ್ದರೆ ಮನೆ, ಮಕ್ಕಳು, ಲೆಕ್ಕಾಚಾರ, ಮಕ್ಕಳ ಓದು ಎಲ್ಲ ಹೆಂಗಸರ ಕೈಯಲ್ಲಿ. ಇದು ನನ್ನ ಊಹೆ, ಇಬ್ನ್ ಬತೂತಾ ಕಾರಣ ಹೇಳುವುದಿಲ್ಲ. ಆದರೆ ಊಹೆಗೆ ಒಂದಿಷ್ಟು ಆಧಾರವಿದೆ. ಆತ ಬಂದು ಹೋಗಿ ನಾಲ್ಕೂವರೆ ಶತಮಾನದ ನಂತರ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಇದೇ ದಾರಿಯಲ್ಲಿ ಬಂದ. ಭಟ್ಕಳದ ಮುಸ್ಲಿಮ್ ವ್ಯಾಪಾರಿಗಳು ಕರಾವಳಿಯ ಬೇರೆ ಬೇರೆ ಊರುಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ, ಆದರೆ ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗುತ್ತಾರೆ ಎಂದು ಆತನೂ ಗುರುತಿಸಿದ. ಇಂದು ದುಬೈ, ದಮಾಮ್, ಜಿದ್ದಾಗಳಲ್ಲಿ ದುಡಿಯುವವರ ಮನೆಗಳಿರುವುದೂ ಅಲ್ಲೇ. ಹಡಗಿನ ಜಾಗಕ್ಕೆ ವಿಮಾನ ಬಂದಿದೆ ಅಷ್ಟೆ.

ಆ ಶಾಲೆಗಳ ಬಗ್ಗೆ ಅತಿಯಾಗಿ ಹಿಗ್ಗುವುದೂ ಸರಿಯಲ್ಲ. ಅವು ಇಂದಿನ ಅರ್ಥದ ಶಾಲೆಗಳಲ್ಲ, ಮಕ್ಕಳು ಸಾಲಾಗಿ ಕೂತು ಪಾಠ ಒಪ್ಪಿಸುವ ಮಕ್ತಬ್‌ಗಳು. ಎಲ್ಲ ಹೆಂಗಸರೂ ಹಾಫಿಝ್ ಎನ್ನುವುದು ಮೆಚ್ಚಿಕೊಂಡವನ ಮಾತು, ಜನಗಣತಿಯಲ್ಲ. ಇಬ್ನ್ ಬತೂತಾ ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿ ಬರೆಸಿದ ಪುಸ್ತಕವದು, 1355ರ ಹೊತ್ತಿಗೆ ಮುಗಿದದ್ದು. ನೆನಪು ಸ್ವಲ್ಪ ಉಬ್ಬಿರಬಹುದು. ಆದರೂ 'ಹಲವು ಶಾಲೆ' ಎನ್ನದೆ 13, 23 ಎಂದು ಎಣಿಸಿ ಹೇಳಿದವನು, ಅದೂ ಬೇರೆಲ್ಲೂ ಇಲ್ಲ ಎಂದು ಒತ್ತಿ ಹೇಳಿದವನು, ಏನನ್ನೋ ಕಂಡು ಬೆರಗಾಗಿರಲೇಬೇಕು. ಅವನಿಗೆ ಆ ಊರಿನ ಪರಿಚಯ ಒಂದೆರಡು ದಿನದ್ದೂ ಅಲ್ಲ. ಕಲ್ಲಿಕೋಟೆಯಲ್ಲಿ ಅವನ ಹಡಗು ಬಿರುಗಾಳಿಗೆ ಸಿಕ್ಕಿ, ಚೀನಾದ ಅರಸನಿಗೆಂದು ತಂದ ಉಡುಗೊರೆಗಳೆಲ್ಲ ಕಡಲು ಪಾಲಾದವು. ದೆಹಲಿಗೆ ಮರಳಿದರೆ ಸುಲ್ತಾನ ಬಿಡುವವನಲ್ಲ. ಹಾಗಾಗಿ ಹೊನ್ನಾವರಕ್ಕೆ ಬಂದು ಜಮಾಲುದ್ದೀನನ ಆಶ್ರಯ ಪಡೆದ. ಹೆಚ್ಚಿನ ಹೊತ್ತನ್ನು ಮಸೀದಿಯಲ್ಲಿ ಕುರ್‌ಆನ್ ಓದುತ್ತ ಕಳೆದ. ಆಮೇಲೆ ಸುಲ್ತಾನನ 52 ಹಡಗುಗಳ ದಂಡಿನೊಂದಿಗೆ ಗೋವಾದ ಮೇಲಿನ ಯುದ್ಧಕ್ಕೂ ಹೋಗಿಬಂದ.

ಇನ್ನು ಊಟದ ವಿಷಯ. ಇದನ್ನು ಹೇಳದೆ ಬಿಟ್ಟರೆ ಕಮ್ಮನಹಳ್ಳಿಯ ಓದುಗರು ನನ್ನನ್ನು ಕ್ಷಮಿಸಲಾರರು. ಮುಖ್ಯರಸ್ತೆಯ ಉದ್ದಕ್ಕೂ ಸಂಜೆ ಆರರ ಮೇಲೆ ಹೊಗೆಯಾಡುವ ಊರು ನಮ್ಮದು.

ಜಮಾಲುದ್ದೀನನ ಮನೆಯ ಊಟ ಹೀಗಿತ್ತು. ಮೊದಲು ತಾಮ್ರದ ಮಣೆ, ಅದರ ಮೇಲೆ ತಾಮ್ರದ ದೊಡ್ಡ ತಟ್ಟೆ. ಆ ತಟ್ಟೆಯನ್ನು ಅವರು 'ತಾಲಮ್' ಎನ್ನುತ್ತಾರೆ ಎಂದು ಆತ ಬರೆಯುತ್ತಾನೆ. ನಮ್ಮ 'ತಾಲಿ', 'ತಾಳಿ'ಗಳು ಕಿವಿಗೆ ಬೀಳುತ್ತವೆ ಅಲ್ಲವೇ? ರೇಷ್ಮೆಯುಟ್ಟ ದಾಸಿಯೊಬ್ಬಳು ಪಾತ್ರೆಗಳನ್ನು ತಂದಿಟ್ಟು, ದೊಡ್ಡ ತಾಮ್ರದ ಸೌಟಿನಿಂದ ಒಂದು ಸೌಟು ಅನ್ನ ಬಡಿಸಿ, ಮೇಲೆ ತುಪ್ಪ ಸುರಿಯುತ್ತಾಳೆ. ಪಕ್ಕದಲ್ಲಿ ಉಪ್ಪಿನಕಾಯಿಗಳು: ಗೊಂಚಲು ಗೊಂಚಲಾಗಿ ಹಾಕಿದ ಹಸಿ ಮೆಣಸು, ಹಸಿ ಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಅದರ ಹಿಂದೆ ಒಂದಿಷ್ಟು ಉಪ್ಪಿನಕಾಯಿ. ಆ ಸೌಟು ಮುಗಿದರೆ ಇನ್ನೊಂದು ಸೌಟು ಅನ್ನಕ್ಕೆ ಕೋಳಿ, ಮತ್ತೊಂದಕ್ಕೆ ಬೇರೆ ಬಗೆಯ ಕೋಳಿ, ಆಮೇಲೆ ಮೀನಿನ ಬಗೆಗಳು, ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲವೆಂದು ಬಿಸಿನೀರು ಕುಡಿಯುತ್ತಾರೆ.

ಸುಮಾರು 680 ವರ್ಷ ಹಳೆಯ ಈ ಊಟದಿಂದ ದಾಸಿಯನ್ನೂ ರೇಷ್ಮೆಯನ್ನೂ ತೆಗೆದುಬಿಡಿ. ಉಳಿದದ್ದನ್ನು ಇಂದಿಗೂ ಹೊನ್ನಾವರದ ಯಾವುದೇ ಖಾನಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬಡಿಸುತ್ತಾರೆ. ಕೊನೆಯ ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳದೆ ಅಲ್ಲಿ ಯಾರೂ ಏಳುವುದಿಲ್ಲ. ನಮ್ಮ ಇಬ್ನ್ ಬತೂತಾನಿಗೆ ಮಾತ್ರ ಇದು ಸಾಕುಸಾಕಾಗಿತ್ತು. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲವೆಂದು ದೂರುತ್ತಾನೆ. ಮುಂದೆ ಮಾಲ್ಡೀವ್ಸ್, ಸಿಲೋನ್‌ಗಳಲ್ಲಿಯೂ ಅನ್ನವೇ ಆಗಿ, ಕೊನೆಕೊನೆಗೆ ನೀರು ಕುಡಿದೇ ಅನ್ನವನ್ನು ಗಂಟಲಿಗಿಳಿಸಬೇಕಾಯಿತಂತೆ!

ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರದ ನವಾಯತರು ಅರಬ್, ಪರ್ಷಿಯಾ ಕಡೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ವಂಶದವರೆಂದು ಹೇಳಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಆಡುವ ನವಾಯತಿ ಭಾಷೆ ಕೊಂಕಣಿಯ ತಂಗಿ, ಬರೆಯುವುದು ಅರಬಿ-ಫಾರ್ಸಿ ಲಿಪಿಯಲ್ಲಿ. ನಮ್ಮ ದಖ್ನಿ ಕಿವಿಗೆ ಅದು ಅರ್ಥವಾಗುವುದಿಲ್ಲ. ಕಮ್ಮನಹಳ್ಳಿಯಿಂದ ಹೋದ ನಾವು ಅವರೊಂದಿಗೆ ಕನ್ನಡದಲ್ಲೇ ಮಾತಾಡಿದೆವು, ಉರ್ದುವಿಗಿಂತ ಅದೇ ಇಬ್ಬರಿಗೂ ಸಲೀಸಾಯಿತು. ಅವರ ಅಡುಗೆಯೂ ಹಾಗೆಯೇ ಎರಡು ದಂಡೆಯದು. ಬಿರಿಯಾನಿಯಲ್ಲಿ ನಾವು ಬೆಂಗಳೂರಿನವರು ಅಕ್ಕಿಯನ್ನೂ ಮಾಂಸವನ್ನೂ ಒಟ್ಟಿಗೆ ದಮ್ ಮಾಡಿ ಹೆಮ್ಮೆಪಟ್ಟರೆ, ಭಟ್ಕಳದವರು ರಾಶಿ ಈರುಳ್ಳಿ ಹಾಕಿದ ಮಸಾಲೆಯನ್ನು ಬೇರೆ ಮಾಡಿ, ಬೇರೆ ಬೇಯಿಸಿದ ಅನ್ನದ ಕೆಳಗೆ ಇಡುತ್ತಾರೆ. ಅಕ್ಕಿಯ ಬದಲು ಶಾವಿಗೆಯಲ್ಲೂ ಬಿರಿಯಾನಿ ಮಾಡುತ್ತಾರೆ. ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳನ್ನು ಸಿಗಡಿಯೊಂದಿಗೆ ಬೇಯಿಸುವ ಮುಡ್ಕುಳೆ ಎಂಬ ತಿನಿಸನ್ನು ಅತಿಥಿಗಳಿಗೆಂದೇ ಮಾಡಿದ್ದರು. ಅದನ್ನು ತಿಂದ ಮೇಲೆ ಬಿರಿಯಾನಿಯ ವಾದ ನನಗೆ ಬೇಡವಾಯಿತು.

ಅಲ್ಲಿಯ ಹಿಂದೂ ಮನೆಗಳ ರುಚಿಯನ್ನೂ ಬಿಡಬೇಡಿ. ಹವ್ಯಕರ ಮನೆಯ ತಂಬುಳಿ, ಅಪ್ಪೆಮಿಡಿಯ ಪರಿಮಳದ ಅಪ್ಪೆಹುಳಿ, ಮೀನುಗಾರರ ಮನೆಯ ಬಂಗುಡೆ, ತಾರಲೆ. ಅಲ್ಲಿ ಸಿಗಡಿಗೆ ಶೆಟ್ಲಿ ಎನ್ನುತ್ತಾರೆ. ಮೀನುಸಾರಿನ ಹುಳಿಗೆ ನಮ್ಮ ಹಾಗೆ ಹುಣಸೆಹಣ್ಣೊಂದನ್ನೇ ನಂಬದೆ ಕಾಡಿನ ಉಪ್ಪಾಗೆ ಸಿಪ್ಪೆಯನ್ನೂ ಹಾಕುತ್ತಾರೆ, ಬೇಸಗೆಯಲ್ಲಿ ಮುರುಗಲು ಹಣ್ಣಿನ ಶರಬತ್ತು ಕುಡಿಯುತ್ತಾರೆ. ಕುಮಟಾದ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಕಂಡರೆ ಒಂದು ಜಡೆ ತನ್ನಿ. ಐಸಿನ ಮೇಲೆ ಎರಡು ದಿನ ಮಲಗಿ ನಮ್ಮ ಮುಖ್ಯರಸ್ತೆಗೆ ಬರುವ ಬಂಗುಡೆಗೂ ಬೆಳಿಗ್ಗೆ ದಂಡೆಗೆ ಬಂದು ಮಧ್ಯಾಹ್ನ ಬಾಣಲೆಗೆ ಬೀಳುವ ಬಂಗುಡೆಗೂ ಹೋಲಿಕೆಯೇ ಇಲ್ಲ.

ದಾರಿಯ ಬಗ್ಗೆ ಇಬ್ನ್ ಬತೂತಾ ಹೇಳುವ ಒಂದು ಮಾತು ನೆನಪಿಡುವಂಥದ್ದು. ಗೋವಾದಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿ, ಉದ್ದಕ್ಕೂ ಮರಗಳ ನೆರಳು, ಪ್ರತಿ ಅರ್ಧ ಮೈಲಿಗೆ ಮರದ ಜಗಲಿಯಿರುವ ತಂಗುಮನೆ, ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಮುಸ್ಲಿಮನಿರಲಿ ಮುಸ್ಲಿಮೇತರನಿರಲಿ, ದಾರಿಹೋಕ ಆ ಜಗಲಿಯಲ್ಲಿ ಕೂರಬಹುದಿತ್ತು. ಮುಸ್ಲಿಮರಿಗೆ ಪಾತ್ರೆಯಲ್ಲಿ ಕೊಡದೆ ಬೊಗಸೆಗೆ ನೀರು ಸುರಿಯುತ್ತಿದ್ದರೆಂಬುದನ್ನೂ ಆತ ಮುಚ್ಚಿಡುವುದಿಲ್ಲ. ಮಡಿಯೂ ಇತ್ತು, ನೀರೂ ಸಿಗುತ್ತಿತ್ತು. ಆ ಕಾಲವನ್ನು ಸ್ವರ್ಗವೆಂದೋ ನರಕವೆಂದೋ ಹೇಳಲು ಹೊರಡುವವರಿಬ್ಬರಿಗೂ ಈ ಬಾವಿಯನ್ನು ತೋರಿಸಬೇಕು.

ನೆಲದ ಮೇಲೆ ಇಷ್ಟು ಸುರಕ್ಷಿತವಾದ ದಾರಿ, ಕಡಲಿನ ಮೇಲೆ ಹಾಗಿರಲಿಲ್ಲ. ವರ್ಷಗಳ ನಂತರ ಮತ್ತೆ ಹೊನ್ನಾವರಕ್ಕೆ ಬರುತ್ತಿದ್ದಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಒಂದು ಚಿಕ್ಕ ದ್ವೀಪದ ಬಳಿ ಹನ್ನೆರಡು ಹಡಗುಗಳ ಕಡಲ್ಗಳ್ಳರು ಅವನನ್ನು ಸುತ್ತುವರಿದರು. ಸಿಲೋನಿನ ಅರಸ ಕೊಟ್ಟ ಮುತ್ತು, ಮಾಣಿಕ್ಯ, ಬಟ್ಟೆ, ಬುತ್ತಿ ಎಲ್ಲವೂ ಹೋಯಿತು. ಉಳಿದದ್ದು ಮೈಮೇಲಿನ ಇಜಾರು ಮಾತ್ರ. ಬುಖಾರಾದಲ್ಲಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನೂ ಹಿಂದುಸ್ತಾನದ ಕಡಲಿನಲ್ಲಿ ಕಳೆದುಕೊಂಡೆ ಎಂದು ಬೇರೊಂದು ಕಡೆ ಹಲುಬುತ್ತಾನೆ. ಕಲ್ಲಿಕೋಟೆಗೆ ಮರಳಿ ಮಸೀದಿ ಹೊಕ್ಕಾಗ ಒಬ್ಬರು ನಿಲುವಂಗಿ, ಖಾಝಿ ರುಮಾಲು, ವ್ಯಾಪಾರಿಯೊಬ್ಬ ಇನ್ನೊಂದು ಅಂಗಿ ಕಳಿಸಿ ಮಾನ ಕಾಪಾಡಿದರು. ಆ ದ್ವೀಪದ ಹೆಸರನ್ನು ಆತ ಹೇಳಿಲ್ಲ. ಆ ದಾರಿಯಲ್ಲಿ ಇಂದು ಎಲ್ಲರ ಗಮನ ಸೆಳೆಯುವ ದ್ವೀಪ ಮುರ್ಡೇಶ್ವರದಾಚೆಯ ನೇತ್ರಾಣಿ. ಹವಳವಿರುವ ಆ ನೀರಿನಲ್ಲಿ ಈಗ ನಮ್ಮ ಸಾಫ್ಟ್‌ವೇರ್ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ಮುಳುಗುತ್ತಾರೆ.

ಪೋರ್ಚುಗೀಸರ ಕಾಲವನ್ನು ಬೇಗ ದಾಟಿಬಿಡೋಣ. ಅದು ಬಹುಪಾಲು ಬೆಂಕಿಯ ಕಥೆ. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಬಿದ್ದು ಕಪ್ಪ ಹೇರಿದ, 1505ರಲ್ಲಿ ಅಲ್ಮೇಡಾ ಹೊನ್ನಾವರದ ಹಡಗುಗಳನ್ನು ಸುಟ್ಟ, 1569ರಲ್ಲಿ ಅಲ್ಲಿಯ ಕೋಟೆ ಅವರ ಕೈಸೇರಿತು. 1510ರಲ್ಲಿ ಗೋವಾ ಹಿಡಿಯಲು ಆಲ್ಬುಕರ್ಕನಿಗೆ ನೆರವಾದ ತಿಮೋಜನೂ ಹೊನ್ನಾವರದವನೇ. ಇಬ್ನ್ ಬತೂತಾ ಕಂಡ ಪಟ್ಟಣದ ಒಂದು ಗೋಡೆಯನ್ನೂ ಇಂದು ಯಾರೂ ನಮಗೆ ತೋರಿಸಲಿಲ್ಲ.

ಹೊಳೆಯಲ್ಲಿ ಸುಮಾರು 30 ಕಿ.ಮೀ. ಮೇಲಕ್ಕೆ ಹೋದರೆ ಗೇರುಸೊಪ್ಪೆ. ಇಲ್ಲಿ 1552ರಿಂದ 1606ರವರೆಗೆ, 54 ವರ್ಷ, ಚೆನ್ನಭೈರಾದೇವಿ ಎಂಬ ಜೈನ ರಾಣಿ ಆಳಿದಳು. ಕಾಳುಮೆಣಸಿನ ವ್ಯಾಪಾರವೆಲ್ಲ ಅವಳ ಹಿಡಿತದಲ್ಲಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅರ್ಧ ಶತಮಾನಕ್ಕೂ ಮಿಕ್ಕಿ ಒಬ್ಬ ಹೆಣ್ಣು ಆಳಿದ್ದು ನಮ್ಮ ನಾಡಿನಲ್ಲೇ ಅಪರೂಪ. ಕೊನೆಗೆ ಕೆಳದಿಯವರು ರಾಜ್ಯ ಕಿತ್ತುಕೊಂಡರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಇಕ್ಕೇರಿಗೆ ಹೊರಟಾಗ ಈ ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ. ಆದರೆ ಗೇರುಸೊಪ್ಪೆ ತಲುಪಿದಾಗ ಅವನಿಗೆ ಕಂಡದ್ದು ಹಾಳುಬಿದ್ದ, ಗಿಡಮರ ಬೆಳೆದ ರಾಜಧಾನಿ. ರಾಣಿ ಹೋಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಇಂದು ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಂದ ಹೋದರೂ ಎದುರಿಗೆ ಜಿನಬಿಂಬ. ಸದ್ದೆಂದರೆ ಹಕ್ಕಿಗಳದು ಮಾತ್ರ. ಅಲ್ಲಿ ಕೂತಾಗ ನನ್ನ ಮಗಳು, ಮೆಣಸಿನ ಗೋದಾಮು ಎಲ್ಲಿತ್ತು ಎಂದು ಕೇಳಿದಳು. ವಾಣಿಜ್ಯ ಓದುವವಳು, ಅವಳಿಗೆ ಹೊಳೆದ ಪ್ರಶ್ನೆ ಅದು.

ಈಗ ಒಂದು ಕಹಿ ವಿಷಯವನ್ನು ಹೇಳಲೇಬೇಕು. ಅದಕ್ಕೂ ನಮ್ಮ ಕಮ್ಮನಹಳ್ಳಿಗೂ ನೇರ ಸಂಬಂಧವಿದೆ. ಹೊನ್ನಾವರದ ದೋಣಿಯವರನ್ನು ಬಳಚಿನ ಬಗ್ಗೆ ಕೇಳಿದೆ. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ, ಬಡವರ ಮನೆಯ ಮಾಂಸ. ಅದು ಬೇಕಾದರೆ ಅಘನಾಶಿನಿಗೆ ಹೋಗಿ, ಇಲ್ಲಿ ಕಡಿಮೆ ಎಂದರು. ಕಾರಣವನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. 1948ರಲ್ಲಿ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ ಆರಂಭವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ ತಯಾರಿಸಿದ ನೀರು ವರ್ಷವಿಡೀ ಹೊಳೆಗೆ ಬರುತ್ತಲೇ ಇರುತ್ತದೆ. ಹಿಂದೆ ಬೇಸಗೆಯಲ್ಲಿ ಹೊಳೆ ಇಳಿದಾಗ ಕಡಲಿನ ಉಪ್ಪುನೀರು ಒಳಗೆ ಬಹುದೂರ ಬರುತ್ತಿತ್ತು. ಈಗ ಸಿಹಿನೀರು ಅದನ್ನು ಹೊರಗೇ ತಡೆಯುತ್ತದೆ. ಉಪ್ಪಿಲ್ಲದ ಕೆಸರಿನಲ್ಲಿ ಉಪ್ಪು ಬಯಸುವ ಬಳಚು ಬದುಕುವುದಿಲ್ಲ, ಅಂಥ ಮೀನೂ ಬರುವುದಿಲ್ಲ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಬಳಚು ಸಮೃದ್ಧ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಮಾನ್ಯತೆಯೂ ದೊರೆಯಿತು.

ಅಂದರೆ ನಾವು ಸ್ವಿಚ್ ಒತ್ತಿದಾಗ ಹತ್ತುವ ದೀಪದ ಬಿಲ್ಲಿನಲ್ಲಿ ಕಾಣದ ಒಂದು ಮೊತ್ತವನ್ನು ಹೊನ್ನಾವರದ ಬಳಚು ಹೆಕ್ಕುವ ಹೆಂಗಸು ಕಟ್ಟುತ್ತಿದ್ದಾಳೆ. ಇಷ್ಟು ಸಾಲದೆ 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಕುಡಿಯಲು ಬೆಂಗಳೂರಿಗೇ ತರುವ ಮಾತು ಬಂತು, ಮಲೆನಾಡಿನ ಜನ ಬೀದಿಗಿಳಿದರು. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆಯೂ ದೊಡ್ಡ ವಿವಾದ ಎದ್ದಿದೆ. ಅಳಿವೆಯ ಬಾಯಿಯಲ್ಲಿರುವ ಕಾಸರಕೋಡಿನ ಟೊಂಕದಲ್ಲಿ, ಕಡಲಾಮೆಗಳು ಮೊಟ್ಟೆಯಿಡುವ ಮರಳಿನ ಮೇಲೆ, ಖಾಸಗಿ ಬಂದರು ಕಟ್ಟುವ ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಾ ಬಂದಿದ್ದಾರೆ. ಆ ದಂಡೆಯಲ್ಲಿ ಒಣಮೀನು ಹರಡುವವರಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೂವರೂ ಇದ್ದಾರೆ. ನಮಗೆ ವಿದ್ಯುತ್ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ಅದು ಎಲ್ಲಿಂದ ಬರುತ್ತದೆಂದು ತಿಳಿಯದೆ ಬೇಕೆನ್ನುವುದು ಬೇರೆ, ತಿಳಿದು ಬೇಕೆನ್ನುವುದು ಬೇರೆ.

ಭಟ್ಕಳಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು ಅದು. ಮೂಡಭಟ್ಕಳದಲ್ಲಿ 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನವಿದೆ. ಮಳೆಯ ನಾಡಾದ್ದರಿಂದ ಮರದ ಮನೆಯಂತೆಯೇ ಇಳಿಜಾರು ಮಾಡು, ಆದರೆ ಹೊದೆಸಿದ್ದು ಹೆಂಚಲ್ಲ, ಕಲ್ಲಿನ ಚಪ್ಪಡಿ. ಕಿಟಕಿಯ ಜಾಲರಿಯೂ ಕಲ್ಲು. ಪೇಟೆಯೊಳಗೆ ಜಟ್ಟಪ್ಪ ಚಂದ್ರನಾಥೇಶ್ವರ ಬಸದಿ. ಜಾಮಿಯಾ ಮಸೀದಿಯನ್ನು ಊರಿನವರೆಲ್ಲ ಚಿನ್ನದ ಪಳ್ಳಿ ಎನ್ನುತ್ತಾರೆ. ಹಳೆಯ ಬೀದಿಗಳ ಮನೆಗಳು ಒಂದಕ್ಕೊಂದು ಅಂಟಿಕೊಂಡು ಒಳಗೊಳಗೇ ಉದ್ದವಾಗಿ ಹೋಗುತ್ತವೆ. ಸಂಜೆ ಹೆಂಗಸರು ಮಲ್ಲಿಗೆ ಕೊಳ್ಳುವ ಭರಾಟೆ ನೋಡಬೇಕು.

ಈ ಊರಿನಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಯಿತು. ನಮ್ಮಂಥ ಸಂಘಗಳು ಇನ್ನೂ ಕನಸಿನಲ್ಲೂ ಇಲ್ಲದ ಕಾಲ. ಪ್ರಾಥಮಿಕ ಶಾಲೆಯಿಂದ ಹಿಡಿದು 1980ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿನವರೆಗೆ ಅದು ಬೆಳೆದಿದೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಪ್ರೌಢಶಾಲೆಯೂ ಕಾಲೇಜೂ ಇವೆ. ಇಬ್ನ್ ಬತೂತಾನಿಂದ 1919ಕ್ಕೆ 577 ವರ್ಷ. ಅಷ್ಟು ಕಾಲ ಮಧ್ಯೆ ಏನಾಯಿತು, ಹದಿಮೂರು ಶಾಲೆಗಳು ಯಾವಾಗ ಮುಚ್ಚಿದವು, ಮುಚ್ಚಿದಾಗ ಯಾರಾದರೂ ಅತ್ತರೇ, ಇದನ್ನು ಯಾವ ಪ್ರವಾಸಿಯೂ ಬರೆದಿಡಲಿಲ್ಲ. ಹೊನ್ನಾವರದಲ್ಲಿ ಕುರ್‌ಆನ್ ಕಲಿಸುತ್ತಿದ್ದ ಇಸ್ಮಾಯಿಲ್ ಎಂಬ ಸಜ್ಜನ ವಿದ್ವಾಂಸರನ್ನು ಆತ ಹೆಸರಿಸುತ್ತಾನೆ. ಹದಿಮೂರು ಶಾಲೆಗಳಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದವರ ಹೆಸರು ಒಂದೂ ಇಲ್ಲ.

ನಾವು ಹೊರಡುವ ದಿನ ಬೆಳಿಗ್ಗೆ ಏಳೂವರೆಗೆ ಹೊನ್ನಾವರದ ಬಸ್ ನಿಲ್ದಾಣದ ಬಳಿ ನಿಂತಿದ್ದೆವು. ಕಾಸರಕೋಡಿನ ಕಡೆಯಿಂದ ಬಂದ ಬಸ್ಸಿನಿಂದ ಹುಡುಗಿಯರು ಇಳಿದರು. ಸಮವಸ್ತ್ರ, ಬೆನ್ನಿಗೆ ಚೀಲ, ಕೆಲವರ ತಲೆಗೆ ದುಪಟ್ಟಾ, ಕೆಲವರ ಜಡೆಗೆ ಅಬ್ಬಲಿಗೆ. ಮಗಳು ಎಣಿಸಲು ಶುರುಮಾಡಿದಳು, ನನ್ನದೇ ಚಾಳಿ. ಹದಿಮೂರು ಆಗುವಷ್ಟರಲ್ಲಿ ಇನ್ನೊಂದು ಬಸ್ಸು ಬಂದು ಲೆಕ್ಕ ತಪ್ಪಿತು.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲ ಕಳೆದು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಸಮಯ. ಬಸ್ಸಿಗಿಂತ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಮೇಲು, ಅದು ಘಟ್ಟವಿಳಿದು ಬೆಳಗಿನ ಜಾವಕ್ಕೆ ಭಟ್ಕಳ ದಾಟುತ್ತದೆ. ಮಂಕಿ ಕಳೆದ ಮೇಲೆ ಮಕ್ಕಳನ್ನು ಎಬ್ಬಿಸಿ. ಹೊನ್ನಾವರ ನಿಲ್ದಾಣಕ್ಕೆ ಸ್ವಲ್ಪ ಮೊದಲು ಶರಾವತಿಯ ಸೇತುವೆ ಬರುತ್ತದೆ. ಎರಡು ಕಿ.ಮೀ.ಗಿಂತ ಉದ್ದ, ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ. ಎಡಗಡೆ ಕೂತವರಿಗೆ ಅಳಿವೆಯ ಬಾಯಿ, ಬಲಗಡೆ ಕೂತವರಿಗೆ ಗೇರುಸೊಪ್ಪೆಯ ಬೆಟ್ಟಗಳು. ಎರಡನ್ನೂ ನೋಡಬೇಕೆಂದರೆ ಬಾಗಿಲಿನ ಬಳಿಗೆ ಹೋಗಬೇಡಿ, ಬರುವಾಗ ಇನ್ನೊಂದು ಬದಿಯಲ್ಲಿ ಕೂತುಕೊಳ್ಳಿ.